ಕಾನೂನು ಪುಸ್ತಕದಲ್ಲಿದೆ, ಕಡತ ಮುಟ್ಟಲು ಹಣವಿಲ್ಲ

ಮೈಸೂರಿನ ಓದುಗರೊಬ್ಬರ ಪತ್ರ: ‘ಮಗಳ ಎಚ್-1ಬಿ ಅರ್ಜಿಗೆ ಕಂಪನಿ ಕಟ್ಟಿದ ಹೆಚ್ಚುವರಿ ಶುಲ್ಕ ಅಮೆರಿಕದ ಬಜೆಟ್ ಕಾಯ್ದೆಯಲ್ಲಿ ಬಂದದ್ದಂತೆ. ಬಜೆಟ್‌ ಎಂದರೆ ಜಮಾ ಖರ್ಚು. ಅದರೊಳಗೆ ವೀಸಾ ಕಾನೂನು ಹೇಗೆ ನುಸುಳಿತು? ಅಷ್ಟಕ್ಕೂ ದುಡ್ಡು ಕೊಡುವವರು ಒಂದು ವರ್ಷದ ಮಟ್ಟಿಗೆ ಷರತ್ತು ಹಾಕಿದರೆ ತಪ್ಪೇನು?’

ನಿಮ್ಮ ಮೊದಲ ಪ್ರಶ್ನೆ ಎಲ್ಲರೂ ಕೇಳಬೇಕಾದದ್ದು. ಎರಡನೆಯದರಲ್ಲಿ ನೀವು ಅವಸರಪಟ್ಟಿದ್ದೀರಿ.

ಆ ಶುಲ್ಕ ಶುರುವಾದದ್ದು 2010ರ ಆಗಸ್ಟ್‌ನಲ್ಲಿ, ಗಡಿ ಕಾವಲಿಗೆ 60 ಕೋಟಿ ಡಾಲರ್ ಕೊಟ್ಟ ತುರ್ತು ವೆಚ್ಚದ ಕಾಯ್ದೆಯಲ್ಲಿ. ಅಮೆರಿಕದಲ್ಲಿ 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಚ್-1ಬಿ ಅಥವಾ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ) ವೀಸಾದವರಾದರೆ ಎಚ್-1ಬಿಗೆ 2,000, ಎಲ್-1ಕ್ಕೆ 2,250 ಡಾಲರ್. 2015ರ ಡಿಸೆಂಬರ್‌ನ ಬೃಹತ್ ವೆಚ್ಚ ಮಸೂದೆ ಅದನ್ನು 4,000 ಮತ್ತು 4,500ಕ್ಕೆ ಏರಿಸಿತು. 2018ರ ಬಜೆಟ್ ಕಾಯ್ದೆ 2027ರ ಸೆಪ್ಟೆಂಬರ್ 30ರವರೆಗೆ ವಿಸ್ತರಿಸಿತು. ಅಲ್ಲಿ ಎಂ.ಎಸ್. ಓದಿದವರಿಗೆ ಮೀಸಲಾದ 20,000 ಎಚ್-1ಬಿ ವೀಸಾ ಕೂಡ 2004ರ ಡಿಸೆಂಬರ್‌ನ ವೆಚ್ಚ ಮಸೂದೆಯ ಬೆನ್ನೇರಿ ಬಂದದ್ದೇ. ಒಂದು ವರ್ಷದ ಮಾತು ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಇವು ಪೂರ್ಣ ಪ್ರಮಾಣದ ಕಾನೂನುಗಳು.

ನೀವು ಹೇಳುವ ವಾರ್ಷಿಕ ಷರತ್ತು ಬೇರೆ. ಅದಕ್ಕೆ ಅಲ್ಲಿ ರೈಡರ್ ಎನ್ನುತ್ತಾರೆ. ವೆಚ್ಚದ ಮಸೂದೆಯಲ್ಲಿ ಹೊಸ ಕಾನೂನು ಮಾಡಕೂಡದು ಎಂದು ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 21ನೇ ನಿಯಮವೇ ಹೇಳುತ್ತದೆ. ಆದರೆ ‘ಈ ಕಾಯ್ದೆಯಡಿ ಕೊಟ್ಟ ಹಣವನ್ನು ಇಂಥದ್ದಕ್ಕೆ ಬಳಸಕೂಡದು’ ಎಂದರೆ ಅದು ಕಾನೂನು ಅನ್ನಿಸಿಕೊಳ್ಳುವುದಿಲ್ಲ, ಬರೀ ಮಿತಿ. ಆದ್ದರಿಂದ ಹೆಚ್ಚಿನ ರೈಡರ್‌ಗಳು ಅದೇ ಅಚ್ಚಿನಲ್ಲಿರುತ್ತವೆ. ಅಚ್ಚಿಗೆ ಹೊಂದದ್ದು ಬಂದರೆ, ಆಕ್ಷೇಪ ಎತ್ತುವಂತಿಲ್ಲ ಎಂದು ನಿಯಮಾವಳಿ ಸಮಿತಿ ಚರ್ಚೆಗೆ ಮೊದಲೇ ವಿನಾಯಿತಿ ಕೊಟ್ಟುಬಿಡಬಹುದು. ಹಣ ಎಂದರೆ ಅಧಿಕಾರಿಯ ಸಂಬಳವೂ ಸೇರಿತು. ಬೇಕೆಂದೇ ಮೀರಿದವನಿಗೆ 5,000 ಡಾಲರ್ ದಂಡ, ಎರಡು ವರ್ಷ ಜೈಲಿನವರೆಗೂ ಆಗಬಹುದು.

ಇದು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವನು ಬಂದೂಕಿನ ಹಕ್ಕು ಮರಳಿ ಕೇಳಿ ಸರ್ಕಾರಕ್ಕೆ ಅರ್ಜಿ ಹಾಕಬಹುದು, ತಿರಸ್ಕರಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು ಎಂದು ಕಾನೂನಿದೆ. ಅರ್ಜಿ ನೋಡುವ ಕೆಲಸ ಆಗ ಬಂದೂಕು, ಮದ್ಯ, ತಂಬಾಕಿನ ಮೇಲೆ ಕಣ್ಣಿಡುವ ಎಟಿಎಫ್ ಸಂಸ್ಥೆಯದು. 1992ರಿಂದ ಒಂದು ರೈಡರ್, ವ್ಯಕ್ತಿಗಳ ಇಂಥ ಅರ್ಜಿ ಪರಿಶೀಲಿಸಲು ಆ ಸಂಸ್ಥೆಗೆ ಹಣ ನಿಲ್ಲಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. 1998ರಲ್ಲಿ ಟೆಕ್ಸಾಸ್‌ನ ಬಂದೂಕು ವ್ಯಾಪಾರಿಯೊಬ್ಬ ಊಟಕ್ಕೆಂದು ಗಡಿ ದಾಟಿದ. ಕಾರಿನಲ್ಲಿ ಗುಂಡಿನ ಪೆಟ್ಟಿಗೆ ಸಿಕ್ಕಿ ಮೆಕ್ಸಿಕೋದಲ್ಲಿ ಶಿಕ್ಷೆಯಾಯಿತು. ಆಮೇಲೆ ಅವನ ಅರ್ಜಿ ಹಾಗೇ ವಾಪಸ್ ಬಂತು. ಕೆಳಗಿನ ನ್ಯಾಯಾಲಯಗಳು ಅವನ ಕಡೆ ನಿಂತವು. 2002ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇಲ್ಲ ಎಂದಿತು. ಸಂಸ್ಥೆ ಅರ್ಜಿಯನ್ನು ನೋಡಿಯೇ ಇಲ್ಲ, ಹಾಗಾಗಿ ತಿರಸ್ಕರಿಸಿಯೂ ಇಲ್ಲ. ತಿರಸ್ಕರಿಸದಿದ್ದರೆ ನ್ಯಾಯಾಲಯದ ಬಾಗಿಲು ತೆರೆಯದು. ಕಾನೂನಿನ ಒಂದಕ್ಷರವನ್ನೂ ಅಳಿಸದೆ ಹಕ್ಕನ್ನು ಹೂತುಹಾಕಿದ್ದರು. ಅಪರಾಧಿಗಳಿಗೆ ಬಂದೂಕು ಬೇಡ ಎಂಬುದು ನನ್ನ ಅಭಿಪ್ರಾಯವೂ ಹೌದು. ಹಾಗಿದ್ದರೆ ಆ ಕಲಮನ್ನೇ ರದ್ದುಮಾಡಲಿ, ಹೆಸರು ಹೇಳಿ ಮತ ಹಾಕಲಿ!

ಗಾಂಜಾದ್ದು ಇದರ ಉಲ್ಟಾ. ಒಕ್ಕೂಟದ ಕಾನೂನಿನಲ್ಲಿ ಅದು ಅಪರಾಧ. ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನಿಗೆ ಅಡ್ಡಬರಲು ನ್ಯಾಯ ಇಲಾಖೆಗೆ ಹಣವಿಲ್ಲ ಎಂದು 2014ರ ಡಿಸೆಂಬರ್‌ನಲ್ಲಿ ರೈಡರ್ ಬಂತು. ರಾಜ್ಯದ ನಿಯಮ ಚಾಚೂ ತಪ್ಪದೆ ಪಾಲಿಸಿದವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎಂದು 2016ರಲ್ಲಿ ಪಶ್ಚಿಮ ರಾಜ್ಯಗಳ ಮೇಲ್ಮನವಿ ಕೇಳುವ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ ತೀರ್ಪಿತ್ತಿತು. ಜೊತೆಗೇ ಎಚ್ಚರಿಸಿತು: ಅಪರಾಧ ಅಪರಾಧವೇ, ಮೊಕದ್ದಮೆ ಹೂಡಲು ಐದು ವರ್ಷ ಅವಕಾಶವಿದೆ, ನಾಳೆ ರೈಡರ್ ಬಿದ್ದುಹೋದರೆ ಇಂದಿನ ಮಾರಾಟಕ್ಕೆ ಅಂದು ಹಿಡಿಯಬಹುದು. ಅಂಗಡಿ ಇಟ್ಟವನು, ಅಲ್ಲಿನ ಹಣಕಾಸು ವರ್ಷ ಮುಗಿಯುವ ಪ್ರತಿ ಸೆಪ್ಟೆಂಬರ್‌ನಲ್ಲೂ ಜೀವ ಕೈಯಲ್ಲಿ ಹಿಡಿದು ಕೂರಬೇಕು.

ಹಣದ ಹಿಡಿತ ಶಾಸಕಾಂಗದ ಕೈಯಲ್ಲಿರಬೇಕು, ಒಪ್ಪುತ್ತೇನೆ. 1973ರ ಆಗಸ್ಟ್ 15ರ ಬಳಿಕ ಇಂಡೋಚೀನಾ ಯುದ್ಧಕ್ಕೆ ಹಣವಿಲ್ಲ ಎಂದದ್ದೂ ಇದೇ ಅಸ್ತ್ರ. ಆದರೆ ‘ಒಂದೇ ವರ್ಷ’ ಎಂಬ ಸಮಾಧಾನ ಬೇಡ. ಬಡವರ ವೈದ್ಯಕೀಯ ಯೋಜನೆಯ ಹಣದಲ್ಲಿ ಗರ್ಭಪಾತಕ್ಕೆ ತಡೆಯೊಡ್ಡಿದ ಹೈಡ್ ತಿದ್ದುಪಡಿ 1976ರದ್ದು. ವಿನಾಯಿತಿಗಳು ಬದಲಾದರೂ ತಡೆ ಇಂದಿಗೂ ಇದೆ. ಹೊಸ ಮಸೂದೆ ಬರೆಯುವವರು ಹಳೆಯದನ್ನೇ ಮುಂದಿಟ್ಟುಕೊಳ್ಳುತ್ತಾರೆ. ಅಕ್ಟೋಬರ್ 1ರೊಳಗೆ ಮಸೂದೆ ಆಗದಿದ್ದರೆ, ವೆಚ್ಚ ಮುಂದುವರಿಸಲು ತರುವ ತಾತ್ಕಾಲಿಕ ನಿರ್ಣಯ ಹಳೆಯ ಷರತ್ತುಗಳನ್ನೂ ಹೊತ್ತು ತರುತ್ತದೆ. ಒಳಗೆ ‘ಇನ್ನು ಮುಂದೆ’ ಎಂಬ ಪದ ಸೇರಿದರಂತೂ ಅದು ಕಾಯಂ ಆಗಬಹುದು. ಈ ಪದ ಹುಡುಕುವಷ್ಟು ಸಮಯ ಯಾರಿಗಿರುತ್ತದೆ? 2020ರ ಡಿಸೆಂಬರ್ 21ರಂದು 5,593 ಪುಟಗಳ ಮಸೂದೆ ಮಧ್ಯಾಹ್ನ ಹೊರಬಂದು ಅದೇ ರಾತ್ರಿ ಎರಡೂ ಸದನಗಳಲ್ಲಿ ಪಾಸಾಯಿತು. ಬೇಡವೆಂದರೆ ಸರ್ಕಾರಿ ಕಚೇರಿಗಳಿಗೆ ಬೀಗ ಬೀಳುತ್ತದೆ. ಆ ಹೆದರಿಕೆಯೇ ರೈಡರ್‌ನ ನಿಜವಾದ ಬಲ.

ನಮ್ಮಲ್ಲೇನು ಕಡಿಮೆ? ಚುನಾವಣಾ ಬಾಂಡ್‌ಗೆ ದಾರಿ ಮಾಡಿದ್ದು 2017ರ ಹಣಕಾಸು ಕಾಯ್ದೆ. ಅದು ‘ಮನಿ ಬಿಲ್’ (ಧನ ಮಸೂದೆ) ಆಗಿ ಬಂದದ್ದರಿಂದ ರಾಜ್ಯಸಭೆಗೆ ತಡೆಯುವ ಅಧಿಕಾರವಿರಲಿಲ್ಲ. ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದುಮಾಡಿದ್ದು 2024ರ ಫೆಬ್ರುವರಿ 15ರಂದು. ಬಜೆಟ್ ಮರುದಿನ ಪತ್ರಿಕೆಗಳು ಯಾವುದು ಅಗ್ಗ, ಯಾವುದು ತುಟ್ಟಿ ಎಂದು ಪುಟ ತುಂಬಿಸುತ್ತವೆ. ಹಣಕಾಸು ಮಸೂದೆಯ ಕೊನೆಯ ಕಲಮುಗಳನ್ನು, ಅವು ತಿದ್ದುವ ಬೇರೆ ಕಾಯ್ದೆಗಳ ಹೆಸರುಗಳನ್ನು, ಯಾರೂ ಅಚ್ಚು ಹಾಕುವುದಿಲ್ಲ. ಮುಂದಿನ ಫೆಬ್ರುವರಿ ಸಂಚಿಕೆಯಲ್ಲಿ ನಾವು ಆ ಪಟ್ಟಿಯನ್ನು ಪೂರ್ತಿ ಕೊಡುತ್ತೇವೆ.

— ಸಂಪಾದಕ