ಯಾರೂ ಬಳಸದ ಲೈಬ್ರರಿಗೆ ಬೀಗ ಹಾಕಲೇ?

ಪ್ರಶ್ನೆ: ಮೇಡಂ, ಕೆಲವು ವರ್ಷದ ಹಿಂದೆ 8-ಬಿಟ್ ಎವಿಆರ್ ಚಿಪ್‌ಗಳಿಗೆ (ಸಣ್ಣ ಸಾಧನಗಳನ್ನು ನಡೆಸುವ ಚಿಪ್‌ಗಳು) ಅಂತ ಸಿ ಭಾಷೆಯಲ್ಲಿ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆಯವರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಬಹುದಾದ ಕೋಡ್, ಬರೆದೆ. ಸಾಧನದ ಸೆಟ್ಟಿಂಗ್‌ಗಳನ್ನು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಜಾಗ ಬದಲಿಸುತ್ತಾ ಬರೆಯುತ್ತದೆ, ಒಂದೇ ಜಾಗ ಸವೆಯಬಾರದಲ್ಲ, ಅದಕ್ಕೆ. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಟ್ಟಿದ್ದೇನೆ. ಮೆಚ್ಚಿ ಸ್ಟಾರ್ ಕೊಟ್ಟವರು ಬೆರಳೆಣಿಕೆಯಷ್ಟು. ವರ್ಷಕ್ಕೆ ಒಂದು ದೂರು ಬಂದರೆ ಹೆಚ್ಚು. ಈಚೆಗೆ ಬಂದಿದ್ದು, ‘ಹೊಸ ಜಿಸಿಸಿ ಕಂಪೈಲರ್‌ನಲ್ಲಿ ಲಿಂಕ್ ಆಗುತ್ತಿಲ್ಲ, ಮಲ್ಟಿಪಲ್ ಡೆಫಿನಿಷನ್ ಅನ್ನುತ್ತಿದೆ’ ಅಂತ. ನಾನೀಗ ಪೂರ್ತಿ ಬೇರೆ ಚಿಪ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಅಳಿಸಿಬಿಡಲೇ? ಇಲ್ಲ ಹಾಗೇ ಬಿಟ್ಟುಬಿಡಲೇ?

ಉತ್ತರ: ಎರಡೂ ಬೇಡ. ಹೊಸದೇನೂ ಸೇರಿಸದೆ ಇರುವುದು ಒಂದು, ದೋಷ ತಿದ್ದುವುದನ್ನು ನಿಲ್ಲಿಸುವುದು ಇನ್ನೊಂದು, ಕೋಡನ್ನೇ ಅಳಿಸುವುದು ಮತ್ತೊಂದು. ನೀವು ಮೂರನ್ನೂ ಒಂದೇ ಗಂಟು ಕಟ್ಟಿ ಕೇಳುತ್ತಿದ್ದೀರಿ. ಮೊದಲನೆಯದನ್ನು ಇವತ್ತೇ ಮಾಡಿ, ಯಾರನ್ನೂ ಕೇಳಬೇಕಿಲ್ಲ. ಮೂರನೆಯದನ್ನು ಯಾವತ್ತೂ ಮಾಡಬೇಡಿ. ಯೋಚನೆ ಮಾಡಬೇಕಾದ್ದು ನಡುವಿನದರ ಬಗ್ಗೆ ಮಾತ್ರ.

ಸ್ಟಾರ್ ಎಣಿಸಿ ‘ಯಾರೂ ಬಳಸುತ್ತಿಲ್ಲ’ ಅಂದುಬಿಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ವೆಬ್ ಕೆಲಸದಲ್ಲಿ ಡೌನ್‌ಲೋಡ್ ಲೆಕ್ಕಕ್ಕೆ ಏನಾದರೂ ಅರ್ಥ ಇರಬಹುದು. ಫರ್ಮ್‌ವೇರ್, ಅಂದರೆ ಸಾಧನದೊಳಗೇ ಕೂರುವ ಪ್ರೋಗ್ರಾಂ, ಬರೆಯುವವರು ಹಾಗಲ್ಲ. ಒಮ್ಮೆ ಇಳಿಸಿಕೊಳ್ಳುತ್ತಾರೆ, ‘ಥರ್ಡ್ ಪಾರ್ಟಿ’ ಅನ್ನುವ ಫೋಲ್ಡರ್‌ಗೆ ಹಾಕುತ್ತಾರೆ, ಆಮೇಲೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಇಂಥ ಫೋಲ್ಡರ್‌ಗಳನ್ನು ನಾನು ಬೇಕಾದಷ್ಟು ತೆರೆದು ನೋಡಿದ್ದೇನೆ. ಫೈಲ್‌ನ ತಲೆಯಲ್ಲಿದ್ದ ವರ್ಷನ್ ನಂಬರ್ ಹೋಗಿರುತ್ತದೆ. ಫಂಕ್ಷನ್ ಹೆಸರುಗಳ ಮುಂದೆ ಕಂಪನಿಯ ಮೂರಕ್ಷರ ಅಂಟಿರುತ್ತದೆ. ಮಧ್ಯದಲ್ಲಿ ಯಾರೋ ಒಂದು ಡಿಲೇ ತುರುಕಿ ‘ಇದನ್ನು ಮುಟ್ಟಬೇಡಿ’ ಅಂತ ಕಾಮೆಂಟ್ ಬರೆದಿರುತ್ತಾರೆ. ಆ ಕೋಡ್ ಹೊತ್ತ ಸಾಧನ ಹತ್ತು ಹದಿನೈದು ವರ್ಷ ಎಲ್ಲೋ ಗೋಡೆಯ ಮೇಲೆ ಓಡುತ್ತಲೇ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಸೊನ್ನೆ.

ಇದು ಎಷ್ಟು ದೂರ ಹೋಗಬಹುದು ಅನ್ನುವುದು 2020ರಲ್ಲಿ ಗೊತ್ತಾಯಿತು. ಟ್ರೆಕ್ ಅನ್ನುವ ಕಂಪನಿಯ ಟಿಸಿಪಿ/ಐಪಿ (ನೆಟ್‌ವರ್ಕ್ ಸಂಪರ್ಕದ) ಲೈಬ್ರರಿಯಲ್ಲಿ 19 ದೋಷಗಳು ಸಿಕ್ಕವು. ‘ರಿಪಲ್20’ ಅಂತ ಹೆಸರಾಯಿತು. ದೋಷ ತಿದ್ದುವುದು ಒಂದು ಕೆಲಸವಾದರೆ, ಯಾರ ಯಾರ ಸಾಧನದೊಳಗೆ ಈ ಲೈಬ್ರರಿ ಕೂತಿದೆ ಅಂತ ಹುಡುಕುವುದು ಅದಕ್ಕಿಂತ ದೊಡ್ಡ ಕೆಲಸವಾಯಿತು. ಒಬ್ಬರಿಂದ ಇನ್ನೊಬ್ಬರಿಗೆ ಕೈ ದಾಟಿ ದಾಟಿ ಹೋಗಿತ್ತು.

ಹಾಗಾದರೆ ನಿರ್ಧರಿಸುವುದು ಹೇಗೆ? ನಾನು ಕೇಳುವುದು ಒಂದೇ: ಆ ಚಿಪ್ ಇರುವ ಬೋರ್ಡ್ ಇನ್ನೂ ನಿಮ್ಮ ಹತ್ತಿರ ಇದೆಯಾ? ನಾಳೆ ಯಾರಾದರೂ ‘ಬರೆಯುತ್ತಿರುವಾಗ ಕರೆಂಟ್ ಹೋದರೆ ಸೆಟ್ಟಿಂಗ್ ಕೆಡುತ್ತಿದೆ’ ಅಂದರೆ, ಅದನ್ನು ನಿಮ್ಮ ಮೇಜಿನ ಮೇಲೆ ಮಾಡಿ ನೋಡಬಲ್ಲಿರಾ? ಆಗುವುದಿಲ್ಲ ಅಂದರೆ ನಿಮ್ಮ ಲೈಬ್ರರಿ ಆಗಲೇ ನಿಂತಿದೆ, ನೀವು ಹೇಳಿಲ್ಲ ಅಷ್ಟೆ. ಪರೀಕ್ಷೆ ಮಾಡಲಾಗದ ತಿದ್ದುಪಡಿಗಿಂತ ‘ಇನ್ನು ತಿದ್ದುವುದಿಲ್ಲ’ ಅನ್ನುವ ಒಂದು ಸಾಲು ಎಷ್ಟೋ ವಾಸಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲಿನಕ್ಸ್ ಕರ್ನಲ್‌ನವರೇ 2018ರಲ್ಲಿ 4.17ನೇ ಆವೃತ್ತಿಗೆ ಬರುವಾಗ ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಸೇರಿ ಎಂಟು ಬಗೆಯ ಪ್ರೊಸೆಸರ್‌ಗಳ ಬೆಂಬಲ ತೆಗೆದುಹಾಕಿದರು. ಹಳೆಯ ಕೋಡ್ ಗಿಟ್ ಇತಿಹಾಸದಲ್ಲಿ ಹಾಗೇ ಇದೆ. ಬೇಕಾದವರಿಗೆ ದೀರ್ಘಕಾಲ ಬೆಂಬಲವಿದ್ದ 4.14 ಆವೃತ್ತಿ ಇನ್ನೂ ಕೆಲವು ವರ್ಷ ಸಿಗುತ್ತಿತ್ತು.

ನಿಮ್ಮ ವಿಷಯಕ್ಕೆ ಬಂದರೆ, ನಿಲ್ಲಿಸಿ ಅಂತಲೇ ನನ್ನ ಮಾತು. ಆದರೆ ಕೊನೆಯದಾಗಿ ಒಂದು ಆವೃತ್ತಿ ಹೊರತಂದು ನಿಲ್ಲಿಸಿ. ಆ ಲಿಂಕ್ ದೂರು ನೋಡಿದರೆ ಕಾರಣ ಹೆಚ್ಚುಕಡಿಮೆ ಗೊತ್ತೇ ಇದೆ. ಹೆಡರ್ ಫೈಲ್‌ನಲ್ಲಿ ಎಲ್ಲೋ ‘ಎಕ್ಸ್‌ಟರ್ನ್’ ಇಲ್ಲದೆ ಒಂದು ಗ್ಲೋಬಲ್ ವೇರಿಯಬಲ್ ಬರೆದಿರುತ್ತೀರಿ. ಆ ಹೆಡರ್ ಸೇರಿಸಿಕೊಂಡ ಪ್ರತಿ ಸಿ ಫೈಲ್‌ನಲ್ಲೂ ಅದು ಹುಟ್ಟುತ್ತದೆ. ಹಿಂದೆ ಲಿಂಕರ್ (ಫೈಲ್‌ಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವ ಉಪಕರಣ) ಎಲ್ಲವನ್ನೂ ಸದ್ದಿಲ್ಲದೆ ಒಂದು ಮಾಡುತ್ತಿತ್ತು. 2020ರಲ್ಲಿ ಜಿಸಿಸಿ 10 ಬಂದಾಗ ಆ ಸಡಿಲಿಕೆಯನ್ನು ತಾನಾಗಿ ಕೊಡುವುದು ನಿಲ್ಲಿಸಿದರು. ಹೆಡರ್‌ನಲ್ಲಿ ‘ಎಕ್ಸ್‌ಟರ್ನ್’ ಸೇರಿಸಿ, ಯಾವುದಾದರೂ ಒಂದೇ ಸಿ ಫೈಲ್‌ನಲ್ಲಿ ವೇರಿಯಬಲ್ ಇಡಿ. ಅಷ್ಟೇ ಕೆಲಸ.

‘ಇದು ಕೊನೆಯ ಆವೃತ್ತಿ’ ಅಂತ ಕೋಡ್ ಒಳಗೂ ಹೇಳಬೇಕು ಅನ್ನಿಸುತ್ತದೆ, ಅಲ್ವಾ? ಹುಷಾರು. ಫಂಕ್ಷನ್‌ಗಳಿಗೆ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಅನ್ನುವ ಗುರುತು ಹಾಕಿದರೆ ವಾರ್ನಿಂಗ್ ಬರುತ್ತದೆ. ಎಂಬೆಡೆಡ್ ತಂಡಗಳಲ್ಲಿ ಬಹಳ ಕಡೆ ಒಂದು ವಾರ್ನಿಂಗ್ ಬಂದರೂ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಿಸುವುದು) ನಿಲ್ಲುವಂತೆ ಇಟ್ಟಿರುತ್ತಾರೆ. ನೀವು ಮರ್ಯಾದೆಯಿಂದ ಹೇಳಿದ ಮಾತು ಅವರ ಬಿಲ್ಡನ್ನೇ ಮುರಿಯುತ್ತದೆ. ಹೆಡರ್‌ನಲ್ಲಿ ಒಂದು ‘ಪ್ರಾಗ್ಮಾ ಮೆಸೇಜ್’ ಹಾಕಿ, ಸಾಕು. ಜಿಸಿಸಿ ಅದನ್ನು ಬರೀ ಸೂಚನೆಯಾಗಿ ತೋರಿಸಿ ಮುಂದೆ ಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ನಿಮ್ಮದು ಲೆಕ್ಕ ಮಾಡಿ ಉತ್ತರ ಕೊಟ್ಟು ಸುಮ್ಮನಾಗುವ ಲೈಬ್ರರಿ ಅಲ್ಲ, ಚಿಪ್‌ನಲ್ಲಿ ಡೇಟಾ ಬರೆದಿಡುವ ಲೈಬ್ರರಿ. ನಾಳೆ ಯಾರಾದರೂ ಅದನ್ನು ತೆಗೆದು ಬೇರೆಯದು ಹಾಕಿದರೂ, ಹಳೆಯ ಸಾಧನದ ಇಇಪ್ರಾಮ್‌ನಲ್ಲಿ ನಿಮ್ಮ ಬೈಟುಗಳೇ ಇರುತ್ತವೆ. ಹೊಸ ಫರ್ಮ್‌ವೇರ್ ಅವನ್ನು ಓದಲೇಬೇಕು. ಇಲ್ಲದಿದ್ದರೆ ಅಪ್‌ಡೇಟ್ ಆದ ತಕ್ಷಣ ಸಾಧನ ತನ್ನ ಕ್ಯಾಲಿಬ್ರೇಶನ್ ಮರೆತು ಕೂರುತ್ತದೆ. ಅದಕ್ಕೇ ರೀಡ್‌ಮಿ ಫೈಲ್‌ನಲ್ಲಿ ಬೈಟು ಬೈಟಾಗಿ ಬರೆದಿಡಿ. ಎಷ್ಟನೇ ಬೈಟಿನಲ್ಲಿ ಕ್ರಮಸಂಖ್ಯೆ ಇದೆ, ಅದು 255 ದಾಟಿ ಸೊನ್ನೆಗೆ ಬಂದಾಗ ಯಾವುದು ಹೊಸ ದಾಖಲೆ ಅಂತ ಹೇಗೆ ತಿಳಿಯಬೇಕು, ದೊಡ್ಡ ಸಂಖ್ಯೆಯಲ್ಲಿ ಮೊದಲು ಬರುವುದು ಯಾವ ಬೈಟು, ಎಲ್ಲವೂ ಇರಲಿ. ಸಿಆರ್‌ಸಿ-16 (ಡೇಟಾ ಕೆಟ್ಟಿದೆಯಾ ಅಂತ ಪತ್ತೆ ಹಚ್ಚುವ ಲೆಕ್ಕ) ಬಳಸಿದ್ದರೆ ಬರೀ ಹಾಗಂತ ಬರೆದು ಬಿಡಬೇಡಿ. ಅದರಲ್ಲಿ ಹಲವು ಬಗೆ ಇವೆ. ಪಾಲಿನಾಮಿಯಲ್ ಯಾವುದು, ಶುರುವಿನ ಬೆಲೆ ಸೊನ್ನೆಯೋ ಅಥವಾ ಎಲ್ಲ ಬಿಟ್‌ಗಳೂ ಒಂದೋ ಅನ್ನುವುದನ್ನೂ ಹೇಳಿ. ಜೊತೆಗೆ ಒಂದು ನಿಜವಾದ ದಾಖಲೆಯ ಹೆಕ್ಸ್ ಡಂಪ್ ಕೊಡಿ. ನನ್ನನ್ನು ಕೇಳಿದರೆ ಇದೊಂದು ಪುಟ ನಿಮ್ಮ ಕೋಡಿಗಿಂತ ಜಾಸ್ತಿ ದಿನ ಉಪಯೋಗಕ್ಕೆ ಬರುತ್ತದೆ.

ಇದೆಲ್ಲ ಆದ ಮೇಲೆ ಗಿಟ್‌ಹಬ್‌ನಲ್ಲಿ ರೆಪೊ (ಕೋಡ್ ಇಟ್ಟಿರುವ ಜಾಗ) ಆರ್ಕೈವ್ ಮಾಡಿ, ಅಂದರೆ ಓದಲು ಮಾತ್ರ ಸಿಗುವಂತೆ ಬೀಗ ಹಾಕಿ. ಆಮೇಲೆ ಅದನ್ನು ಓದಬಹುದು, ಕ್ಲೋನ್ ಮಾಡಬಹುದು, ಫೋರ್ಕ್ ಮಾಡಬಹುದು (ತಮ್ಮದೇ ಪ್ರತಿ ಮಾಡಿಕೊಂಡು ಮುಂದುವರಿಸಬಹುದು), ಹೊಸ ದೂರು ಹಾಕಲು ಆಗುವುದಿಲ್ಲ. ಹಾಗಾಗಿ ಹಳೆಯ ದೂರುಗಳಿಗೆ ಉತ್ತರ ಬರೆದು ಮುಗಿಸುವುದು ಅದಕ್ಕೆ ಮುಂಚೆ ಆಗಲಿ. ಅಳಿಸಿದರೆ ಮಾತ್ರ ಸಬ್‌ಮಾಡ್ಯೂಲ್ ಆಗಿ (ನಿಮ್ಮ ರೆಪೊಗೆ ನೇರ ಕೊಂಡಿ ಹಾಕಿಕೊಂಡು) ಬಳಸುತ್ತಿರುವವರ ಬಿಲ್ಡ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. 2016ರಲ್ಲಿ ‘ಲೆಫ್ಟ್-ಪ್ಯಾಡ್’ ಅನ್ನುವ 11 ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತೆಗೆದಾಗ ಎಷ್ಟು ಜನರ ಕೆಲಸ ಕೆಟ್ಟಿತು ಅಂತ ನಿಮಗೂ ನೆನಪಿರಬಹುದು.

ಪ್ರಶ್ನೆ: ನಾನೂ ಇಂಥದ್ದೇ ಒಂದು ಲೈಬ್ರರಿ ನಿಲ್ಲಿಸುವುದರಲ್ಲಿದ್ದೆ. ಅಷ್ಟರಲ್ಲಿ ಪರಿಚಯ ಇಲ್ಲದವರೊಬ್ಬರು ‘ನನಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ’ ಅಂತ ಬರೆದಿದ್ದಾರೆ. ಕೊಡಬಹುದಾ?

ಉತ್ತರ: ಫೋರ್ಕ್ ಮಾಡಿಕೊಳ್ಳಿ ಅನ್ನಿ. ಹೊಸ ಹೆಸರಲ್ಲಿ ನಡೆಸಲಿ. ನಿಮ್ಮ ರೀಡ್‌ಮಿಯಲ್ಲಿ ಅವರ ಕೊಂಡಿ ಹಾಕಿ, ಕೀಲಿ ಮಾತ್ರ ಕೊಡಬೇಡಿ. ‘ಇವೆಂಟ್-ಸ್ಟ್ರೀಮ್’ ಅನ್ನುವ ಪ್ಯಾಕೇಜ್ ಹೀಗೇ ಹೊಸಬರ ಕೈಗೆ ಹೋಗಿ, 2018ರಲ್ಲಿ ಅದರೊಳಗೆ ಕಳ್ಳ ಕೋಡ್ ಸೇರಿತು. ಒಳ್ಳೆಯ ಉದಾಹರಣೆಯೂ ಇದೆ. ಎಂಬೆಡೆಡ್ ಲಿನಕ್ಸ್‌ಗೆ ಇದ್ದ ಸಿ ಲೈಬ್ರರಿ ‘ಯುಸಿಲಿಬ್‌ಸಿ’ಯ ಕೊನೆಯ ಆವೃತ್ತಿ ಬಂದಿದ್ದು 2012ರಲ್ಲಿ. ಕೆಲಸ ನಿಂತಾಗ ಬೇರೆಯವರು ‘ಯುಸಿಲಿಬ್‌ಸಿ-ಎನ್‌ಜಿ’ ಅಂತ ಹೊಸ ಹೆಸರಿಟ್ಟು ಮುಂದುವರಿಸಿದರು. ಎಂಬೆಡೆಡ್ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನವರೂ ಅದಕ್ಕೇ ಬದಲಾದರು. ಬದಲಾಗಬೇಕೋ ಬೇಡವೋ ಅನ್ನುವುದು ಬಳಸುವವರ ಕೈಯಲ್ಲೇ ಇತ್ತು.

ಪ್ರಶ್ನೆ: ನಮ್ಮದು ಕಂಪನಿಯ ಒಳಗಿನ ಲೈಬ್ರರಿ. ಯಾವ ಹಳೆಯ ಉತ್ಪನ್ನದಲ್ಲಿ ಇದೆ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ: ಹಳೆಯ ಬಿಲ್ಡ್‌ಗಳ ಮ್ಯಾಪ್ ಫೈಲ್ (ಯಾವ ಕೋಡ್ ಎಲ್ಲಿ ಕೂತಿದೆ ಅಂತ ಲಿಂಕರ್ ಬರೆದಿಡುವ ಪಟ್ಟಿ) ಹುಡುಕಿ. ಲಿಂಕ್ ಆದ ಫಂಕ್ಷನ್‌ಗಳ ಹೆಸರು ಸಾಮಾನ್ಯವಾಗಿ ಅದರಲ್ಲಿ ಸಿಗುತ್ತದೆ, ಮಧ್ಯೆ ಹೆಸರು ಬದಲಿಸಿದ್ದರೂ ಆಬ್ಜೆಕ್ಟ್ ಫೈಲ್ ಹೆಸರು ಹೆಚ್ಚಾಗಿ ಹಾಗೇ ಉಳಿದಿರುತ್ತದೆ. ಬರೀ ಹೆಕ್ಸ್ ಫೈಲ್ ಇದ್ದರೆ ಲೈಬ್ರರಿಯ ಎರರ್ ಮೆಸೇಜ್‌ಗಳನ್ನೋ ಸಿಆರ್‌ಸಿ ಟೇಬಲ್‌ನ ಬೈಟುಗಳನ್ನೋ ಹುಡುಕಿ ನೋಡಿ. ಸಿಕ್ಕಿದ ಪ್ರತಿ ಉತ್ಪನ್ನಕ್ಕೂ ಆ ಕಾಲದ ಕಂಪೈಲರನ್ನೂ ಜೊತೆಗೇ ಎತ್ತಿಡಿ.