ಹಿಮಸಾರಂಗ ತಿನ್ನುವ ಕಲ್ಲುಹೂವನ್ನು ಕಲಬುರಗಿಯಲ್ಲಿ ಬೆಳೆಸಬಹುದೇ?

ಆಗದು. ಆದರೆ ಕಾರಣ ನಮ್ಮ ಮೇ ತಿಂಗಳ ಬಿಸಿಲೊಂದೇ ಅಲ್ಲ. ಒಣಗಿದಾಗ ಇದು ಹಪ್ಪಳದಂತೆ ಗರಿಗರಿಯಾಗಿ ಸುಪ್ತಾವಸ್ಥೆಗೆ ಹೋಗುತ್ತದೆ, ಆಗ ಸಾಕಷ್ಟು ಬಿಸಿ ತಾಳುತ್ತದೆ. ಒದ್ದೆಯಾಗಿದ್ದು ಸೆಕೆಯೂ ಇದ್ದರೆ ಕಷ್ಟ: ತಯಾರಿಸಿದ್ದಕ್ಕಿಂತ ಹೆಚ್ಚು ಸಕ್ಕರೆ ಉಸಿರಾಟಕ್ಕೇ ಖರ್ಚಾಗುತ್ತದೆ. ಇಲ್ಲಿನ ಮಳೆಗಾಲದ ಬೆಚ್ಚನೆ ರಾತ್ರಿಗಳು ಅದಕ್ಕೆ ಒಗ್ಗುವುದಿಲ್ಲ.

ಶಾಸ್ತ್ರೀಯ ಹೆಸರು ಕ್ಲಾಡೋನಿಯ ರಾಂಜಿಫೆರಿನ. ಶಿಲೀಂಧ್ರವೂ ಹಸಿರು ಪಾಚಿಯೂ ಕೂಡಿ ಬಾಳುವ ಜೀವಿ. ಬಹಮನಿ ಕೋಟೆಯ ಕಲ್ಲಿಗೆ ಅಂಟಿದ ಚಕ್ಕೆ ಬೇರೆ ಜಾತಿ, ಬಿರಿಯಾನಿ ಮಸಾಲೆಗೆ ಬೀಳುವುದೂ ಬೇರೆ. ಇದು ನೆಲದ ಮೇಲೆ ಬೂದುಬಿಳಿ ಪೊದೆಯಾಗಿ ಹರಡುತ್ತದೆ. ಬೆಳವಣಿಗೆ ವರ್ಷಕ್ಕೆ ಸುಮಾರು 3–5 ಮಿ.ಮೀ. ಅಷ್ಟೇ. ಹಿಂಡು ಮೇಯ್ದ ಜಾಗ ಮತ್ತೆ ತುಂಬಲು ದಶಕಗಳು ಬೇಕು. ಪ್ರೊಟೀನ್ ತೀರಾ ಕಡಿಮೆ, ಆದರೂ ಚಳಿಗಾಲದಲ್ಲಿ ಹಿಮಸಾರಂಗಗಳು ವಾಸನೆ ಹಿಡಿದು, ಗೊರಸಿನಿಂದ ಹಿಮ ಕೆದರಿ ಇದನ್ನೇ ತಿನ್ನುತ್ತವೆ.

ಬೇರಿಲ್ಲ; ಪೋಷಕಾಂಶವೆಲ್ಲ ಗಾಳಿ, ಮಳೆ, ದೂಳಿನಿಂದಲೇ. ಇದೇ ಮುಳುವಾಯಿತು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಮಳೆಯಲ್ಲಿ ಬಂದ ವಿಕಿರಣಶೀಲ ಸೀಸಿಯಂ ಅನ್ನು ಕಲ್ಲುಹೂವು ಹೀರಿಕೊಂಡಿತು. ಅದನ್ನು ಮೇಯ್ದ ಹಿಮಸಾರಂಗಗಳ ಮಾಂಸವನ್ನು ಸ್ವೀಡನ್, ನಾರ್ವೆಯ ಸಾಮಿ ಎಂಬ ಮೂಲನಿವಾಸಿ ಪಶುಪಾಲಕರು ರಾಶಿಗಟ್ಟಲೆ ಎಸೆಯಬೇಕಾಯಿತು.