ಸಂಘದ ಮೈದಾನದಲ್ಲಿ ಮಕ್ಕಳ ಸುರಕ್ಷತೆ: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್ ಕಲಿಸುವ ಊರಿನ ಸಂಘಗಳಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಎರಡನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಸಂಘಗಳು ಎಡವುವುದು ಬಹುಪಾಲು ಅಲ್ಲೇ.

ಪ್ರಶ್ನೆ: ನಮ್ಮದು ಹೋಬಳಿ ಮಟ್ಟದ ಕಬಡ್ಡಿ ಸಂಘ. ಸಂಜೆ ಸುಮಾರು 45 ಮಕ್ಕಳು ಬರುತ್ತಾರೆ. ಕೋಚ್ ಒಬ್ಬರೇ, ಅವರೂ ಸಂಬಳ ಪಡೆಯುವವರಲ್ಲ. ಮಕ್ಕಳ ರಕ್ಷಣೆಯ ನಿಯಮಗಳು ನಮಗೂ ಅನ್ವಯಿಸುತ್ತವೆಯೇ? ಎಲ್ಲಿಂದ ಶುರು ಮಾಡಬೇಕು?
— ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಅನ್ವಯಿಸುತ್ತವೆ. ಮಕ್ಕಳ ಒಡನಾಟವಿರುವ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸುತ್ತಿರಬೇಕು ಎಂದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯಡಿ ಬಂದ 2020ರ ನಿಯಮಗಳು ಹೇಳುತ್ತವೆ. ಶಾಲೆಗಳ ಜೊತೆಗೆ ಕ್ರೀಡಾ ಅಕಾಡೆಮಿಗಳ ಹೆಸರೂ ಅಲ್ಲಿದೆ. ಸಂಬಳವಿಲ್ಲ ಎಂಬ ಕಾರಣಕ್ಕೆ ನಿಮ್ಮ ಕೋಚ್ ಅವರನ್ನು ಇದರಿಂದ ಬಿಡಬೇಡಿ. ಮಕ್ಕಳ ಮೇಲೆ ಅವರಿಗಿರುವ ಅಧಿಕಾರ ಸಂಬಳದಿಂದ ಬಂದದ್ದಲ್ಲ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ. ಆದರೆ ಆ ಪತ್ರ ತೋರಿಸುವುದು ದಾಖಲಾದ ಪ್ರಕರಣಗಳನ್ನಷ್ಟೇ. ಯಾರೂ ದೂರು ಕೊಡದೆ ಮುಚ್ಚಿಹೋದದ್ದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಅವರು ಈ ಮೊದಲು ಕಲಿಸಿದ ಎರಡು ಕಡೆಗೆ ನೀವೇ ಫೋನ್ ಮಾಡಿ, 'ಮಕ್ಕಳನ್ನು ಮತ್ತೆ ಇವರ ಕೈಗೆ ಒಪ್ಪಿಸುತ್ತೀರಾ?' ಎಂದು ನೇರವಾಗಿ ಕೇಳಿ.

ಇನ್ನು ಹೊಣೆಗಾರರ ನೇಮಕ. ಮಗು ಹೋಗಿ ಹೇಳಿಕೊಳ್ಳಬಹುದಾದ ಇಬ್ಬರು ಬೇಕು, ಅವರಲ್ಲಿ ಒಬ್ಬರು ಹೆಂಗಸು. ಕೋಚ್ ಆಗಲಿ, ಅವರ ನೆಂಟರಾಗಲಿ, ಅಧ್ಯಕ್ಷರಾಗಲಿ ಬೇಡ. ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಇಬ್ಬರ ಹೆಸರು, ಫೋನ್ ನಂಬರಿನ ಜೊತೆಗೆ ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112 ಬರೆದ ಹಲಗೆಯನ್ನು ಮಕ್ಕಳು ಚಪ್ಪಲಿ ಬಿಡುವ ಕಡೆ ಹಾಕಿ. ಆಫೀಸಿನ ಒಳಗೆ ತೂಗುಹಾಕಿದರೆ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಜಾಗದಲ್ಲಿ ಇರಬಾರದು ಎಂಬುದನ್ನು ಸಂಘದ ನಿಯಮವಾಗಿಸಿ. ಸಾಮಾನು ಕೋಣೆ, ಬಟ್ಟೆ ಬದಲಿಸುವ ಕೋಣೆ, ಕೋಚ್ ಬೈಕಿನ ಹಿಂದಿನ ಸೀಟು ಎಲ್ಲವೂ ಇದರಲ್ಲಿ ಸೇರುತ್ತವೆ. 'ನಮ್ಮಲ್ಲಿ ಜನ ಇಲ್ಲ' ಎನ್ನಬಹುದು. 45 ಮನೆಗಳಿಂದ ದಿನಕ್ಕೆ ಇಬ್ಬರಂತೆ ಬಂದು ಕೂತರೂ ಒಂದು ಮನೆಗೆ ಹೆಚ್ಚುಕಡಿಮೆ ತಿಂಗಳಿಗೊಂದೇ ಪಾಳಿ.

ಕಬಡ್ಡಿಯಲ್ಲಿ ಮುಟ್ಟದೆ ಕಲಿಸಲಾಗದು, ನಿಜ. ಆ್ಯಂಕಲ್ ಹೋಲ್ಡ್, ಥೈ ಹೋಲ್ಡ್ ಹೇಳಿಕೊಡುವಾಗ ಕೋಚ್ ಮಗುವಿನ ಮೈ ಮೇಲೆ ತೋರಿಸುವ ಬದಲು ಇಬ್ಬರು ಸೀನಿಯರ್ ಆಟಗಾರರಿಂದ ಮಾಡಿಸಿ ತೋರಿಸಲಿ. ಹಿಡಿತ ತಿದ್ದಲು ಕೈ ಹಾಕಲೇಬೇಕಾದರೆ 'ಮೊಣಕಾಲಿನ ಮೇಲೆ ಹಿಡೀತೀನಿ, ಸರಿನಾ?' ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಿಡಿಯಲಿ. ಉಳುಕಿಗೆ ಎಣ್ಣೆ ಹಚ್ಚಿ ತಿಕ್ಕುವುದನ್ನಂತೂ ಪೂರ್ತಿ ನಿಲ್ಲಿಸಿ. ಹೊಸ ಉಳುಕನ್ನು ತಿಕ್ಕಿದರೆ ಬಾವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಟ್ಟರೆ ಸಾಕು.

ಪ್ರಶ್ನೆ: ಕೋಚ್ ತನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರು ಎಂದು ನಮ್ಮ ಕ್ಲಬ್ಬಿನ 14 ವರ್ಷದ ಹುಡುಗಿ ಒಬ್ಬ ಸೀನಿಯರ್ ಆಟಗಾರ್ತಿಯ ಬಳಿ ಹೇಳಿಕೊಂಡಿದ್ದಾಳೆ. 'ಹುಡುಗಿಯ ಭವಿಷ್ಯ ಹಾಳಾಗುತ್ತೆ, ಮೊದಲು ನಾವೇ ಇಬ್ಬರನ್ನೂ ಕೂರಿಸಿ ವಿಚಾರಿಸೋಣ' ಎನ್ನುತ್ತಾರೆ ಸಮಿತಿಯ ಹಿರಿಯರು. ಏನು ಮಾಡಲಿ?
— ಸಮಿತಿ ಸದಸ್ಯೆ, ಉತ್ತರ ಕರ್ನಾಟಕ

ಉತ್ತರ: ಕೂರಿಸಿ ವಿಚಾರಿಸುವುದು ಬೇಡವೇ ಬೇಡ. ಇವತ್ತೇ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿ. ನಿಜವೋ ಸುಳ್ಳೋ ತೀರ್ಮಾನಿಸುವುದು ಸಂಘದ ಕೆಲಸವಲ್ಲ, ತಿಳಿಸುವುದಷ್ಟೇ ಸಂಘದ ಕೆಲಸ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದೆಂಬ ಆತಂಕ ಇರುವವರು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಇದನ್ನು ನಿಮ್ಮ ಹಿರಿಯರಿಗೆ ಓದಿ ಹೇಳಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಬೀಳುವುದಿಲ್ಲ ಎಂಬ ರಕ್ಷಣೆಯೂ 19ನೇ ಕಲಂನಲ್ಲೇ ಇದೆ.

ಇಬ್ಬರನ್ನೂ ಎದುರುಬದುರು ಕೂರಿಸಿದರೆ ಏನಾಗುತ್ತದೆ ಎಂದರೆ, ಹುಡುಗಿ ಕೋಚ್ ಮುಖ ನೋಡಿ ಮಾತು ನುಂಗುತ್ತಾಳೆ. 'ನೋಡಿ, ಏನೂ ಇಲ್ಲ' ಎಂದು ಸಮಿತಿ ಬರೆದುಕೊಳ್ಳುತ್ತದೆ. ಫೋನಿನಲ್ಲಿದ್ದ ಮೆಸೇಜುಗಳು ಆ ರಾತ್ರಿಯೇ ಅಳಿಸಿಹೋಗುತ್ತವೆ. ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳಿಸಿದ ಮಾತಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ. ಮುಂದೆ ಕೋರ್ಟಿನಲ್ಲಿ ಅದನ್ನೇ ಅವಳ ವಿರುದ್ಧ ಎತ್ತುತ್ತಾರೆ.

ಹುಡುಗಿ ನಿಮ್ಮ ಹತ್ತಿರ ಮಾತಾಡಲು ಬಂದರೆ ಕೇಳಿಸಿಕೊಳ್ಳಿ, ಕೆದಕಬೇಡಿ. 'ಅವರು ಇಲ್ಲಿ ಮುಟ್ಟಿದರಾ?' ಎಂದು ಉತ್ತರವನ್ನು ನೀವೇ ಬಾಯಿಗಿಡಬೇಡಿ. 'ಆಮೇಲೆ?' ಎಂದರೆ ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. 'ನೀನು ಹೇಳಿದ್ದು ಒಳ್ಳೇದಾಯ್ತು, ಸಹಾಯ ಮಾಡೋರಿಗೆ ಮಾತ್ರ ತಿಳಿಸ್ತೀನಿ' ಎನ್ನಿ. ಎದ್ದುಬಂದ ಕೂಡಲೇ ಅವಳು ಬಳಸಿದ ಪದಗಳಲ್ಲೇ ಬರೆದಿಟ್ಟು, ತಾರೀಖು, ಹೊತ್ತು ಹಾಕಿ ಸಹಿ ಮಾಡಿ. ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಸೀನಿಯರ್ ಆಟಗಾರ್ತಿಯೂ ತಾನು ಕೇಳಿದ್ದನ್ನು ಬೇರೆಯಾಗಿ ಬರೆದಿಡಲಿ. ಘಟನೆ ಇತ್ತೀಚಿನದಾದರೆ ಬಟ್ಟೆ ಒಗೆಯಬಾರದು, ಆಸ್ಪತ್ರೆಗೆ ಹೋಗುವುದು ತಡವಾಗಬಾರದು. ತುರ್ತು ಚಿಕಿತ್ಸೆಗೆ ಎಫ್‌ಐಆರ್ ತನ್ನಿ, ಪತ್ರ ತನ್ನಿ ಎಂದು ಆಸ್ಪತ್ರೆಯವರು ಕೇಳುವಂತಿಲ್ಲ. ಹುಡುಗಿಯನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು.

ತಂದೆ ತಾಯಿಗೆ ತಿಳಿಸಿ, ಜೊತೆಗಿರಿ. ಅವರು ಬೇಡವೆಂದರೂ ತಿಳಿಸುವ ಹೊಣೆ ನಿಮ್ಮ ಮೇಲಿಂದ ಇಳಿಯುವುದಿಲ್ಲ. ಹೆಚ್ಚಿನ ಮನೆಗಳವರು ಹೆದರುವುದು ಠಾಣೆ ಮೆಟ್ಟಿಲು ಹತ್ತಬೇಕಲ್ಲ ಎಂದು. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳಿಗೆ ಒಪ್ಪುವ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು ಎಂದು ಕಾಯ್ದೆಯಲ್ಲೇ ಇದೆ. ಪೊಲೀಸರು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೇಸು ಮುಗಿಯುವವರೆಗೆ ಜೊತೆಗೆ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನು ಆ ಸಮಿತಿ ಕೊಡಬಹುದು. ಕೇಳಿ ಪಡೆಯಿರಿ.

ಕೋಚ್ ವಿಷಯ. ಆರೋಪದ ವಿವರವನ್ನು ಅವರಿಗೆ ಹೇಳುವ ಮೊದಲು ಪೊಲೀಸರೊಂದಿಗೆ ಮಾತಾಡಿ. ಆಮೇಲೆ 'ವಿಚಾರಣೆ ಮುಗಿಯುವವರೆಗೆ ತರಬೇತಿಯಿಂದ ದೂರ' ಎಂದು ಒಂದೇ ಸಾಲಿನ ಪತ್ರ ಕೊಡಿ. ಸಾಮಾನು ಕೋಣೆಯ ಬೀಗದ ಕೈ ವಾಪಸು ಪಡೆಯಿರಿ, ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆಯಿರಿ. ಇದು ಶಿಕ್ಷೆಯಲ್ಲ, ತಪ್ಪು ಮಾಡದವರಿಗೂ ಇದರಿಂದ ರಕ್ಷಣೆಯೇ. ಆದರೆ ರಾಜೀನಾಮೆ ಬರೆಸಿಕೊಂಡು, ಒಳ್ಳೆಯ ನಡತೆ ಪತ್ರ ಕೊಟ್ಟು ಕಳಿಸಿಬಿಡುವುದು ಮಾತ್ರ ಬೇಡ. ಮುಂದಿನ ತಿಂಗಳು ಅವರು ಪಕ್ಕದ ತಾಲ್ಲೂಕಿನ ಮಕ್ಕಳ ಮುಂದೆ ಸೀಟಿ ಊದುತ್ತಿರುತ್ತಾರೆ.

ಹುಡುಗಿಯ ಗುರುತು ಎಲ್ಲೂ ಹೊರಬೀಳಬಾರದು. ಹೆಸರು ಬಿಟ್ಟು 'ಆ ಲಾಂಗ್ ಜಂಪ್ ಹುಡುಗಿ', 'ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರ ಮಗಳು' ಎಂದರೂ ಊರಿಗೆಲ್ಲ ಗೊತ್ತಾಗುತ್ತದೆ. ನಡಾವಳಿಯಲ್ಲೂ ಅವಳ ಹೆಸರು ಬೇಡ, 'ಒಂದು ಮಗು' ಎಂದಷ್ಟೇ ಬರೆದು, ವಿವರವಿರುವ ಕಾಗದವನ್ನು ಮುಚ್ಚಿದ ಲಕೋಟೆಯಲ್ಲಿ ಹೊಣೆಗಾರರ ಬಳಿ ಇಡಿ. ಅವಳ ಅಭ್ಯಾಸ ನಿಲ್ಲದಂತೆ ಬೇರೆ ಕೋಚ್ ಗೊತ್ತುಮಾಡಿ. ದೂರು ಕೊಟ್ಟ ಮಗುವೇ ಮೈದಾನ ಬಿಟ್ಟುಹೋದರೆ ಉಳಿದ ಮಕ್ಕಳು ಮುಂದೆ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಪಂದ್ಯಾವಳಿಗೆ ತೂಕ ಇಳಿಸಬೇಕೆಂದು ಕೋಚ್ ನನ್ನ ಮಗನಿಗೆ ಎರಡು ದಿನ ನೀರು ಕಡಿಮೆ ಮಾಡಿಸಿ, ಮಳೆಕೋಟು ತೊಡಿಸಿ ಓಡಿಸುತ್ತಾರೆ. ತಡವಾಗಿ ಬಂದರೆ ಬೆತ್ತದ ಏಟು, ನೂರು ಬಸ್ಕಿ. 'ಹೀಗೆ ಮಾಡಿದರೇ ಆಟಗಾರ ಆಗೋದು' ಎನ್ನುತ್ತಾರೆ.
— ತಾಯಿ, ದಾವಣಗೆರೆ

ಉತ್ತರ: ಎರಡೂ ನಿಲ್ಲಬೇಕು. ಮಳೆಕೋಟಿನಲ್ಲಿ ಓಡಿದಾಗ ಇಳಿಯುವುದು ಕೊಬ್ಬಲ್ಲ, ನೀರು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣ ತಗ್ಗುತ್ತದೆ, ಬೆವರು ಆರದ ಕಾರಣ ಶಾಖ ಒಳಗೇ ಉಳಿಯುತ್ತದೆ. ತಲೆಸುತ್ತು, ವಾಂತಿ, ಮಾತು ತೊದಲುವುದು, ದಿಕ್ಕು ತೋಚದಂತೆ ಆಡುವುದು ಕಂಡರೆ ಅದು ಪ್ರಾಣಕ್ಕೆ ಅಪಾಯ. ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಬೇಕು, ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಬೇಕು, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಯಾವ ತೂಕದ ವಿಭಾಗ ಎಂಬುದನ್ನು ಪಂದ್ಯಕ್ಕೆ ಆರೆಂಟು ವಾರ ಮೊದಲೇ, ಮಗುವಿನ ಸಹಜ ತೂಕ ನೋಡಿ ತೀರ್ಮಾನಿಸಲಿ. ಬೆಳೆಯುವ ಹುಡುಗನ ತೂಕ ಏರುವುದು ಆರೋಗ್ಯದ ಲಕ್ಷಣ. ಅಭ್ಯಾಸದ ಮೊದಲು, ಆಮೇಲೆ ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದೆಂದೇ ಅರ್ಥ.

ಬೆತ್ತದ ಮಾತಿಗೆ ಬಂದರೆ, ಮಗುವಿನ ಹೊಣೆ ಹೊತ್ತವರು ಅದನ್ನು ಹೊಡೆದು ಅನಗತ್ಯ ನೋವು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಡಿ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮೊದಲು ಸಂಘಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಮೈಮೇಲೆ ಬಾಸುಂಡೆ ಇದ್ದರೆ ಸಂಘಕ್ಕಾಗಿ ಕಾಯದೆ 1098ಕ್ಕೆ ಕರೆ ಮಾಡಿ.

ಪ್ರಶ್ನೆ: ಹೊರಜಿಲ್ಲೆಯ ಪಂದ್ಯಕ್ಕೆ 20 ಮಕ್ಕಳನ್ನು ಕರೆದೊಯ್ಯಬೇಕು. ರಾತ್ರಿ ಶಾಲೆಯ ಕೊಠಡಿಯಲ್ಲಿ ವಾಸ.
— ಖೋ ಖೋ ತಂಡದ ಮ್ಯಾನೇಜರ್, ಮೈಸೂರು

ಉತ್ತರ: 9ರಿಂದ 12 ವರ್ಷದ ಎಂಟು ಮಕ್ಕಳಿಗೆ ಒಬ್ಬ, 13ರಿಂದ 18ರ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಎಂಬುದು ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಹೇಳುವ ಲೆಕ್ಕ. ನಮಗೂ ಹೊಂದುತ್ತದೆ. ನಿಮ್ಮ ಮಕ್ಕಳೆಲ್ಲ 13 ದಾಟಿದವರಾಗಿದ್ದು ಇಬ್ಬರು ಸಾಕೆನಿಸಿದರೂ ಮೂವರು ಇರಲಿ, ಒಂದು ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದರೆ ಉಳಿದವರ ಬಳಿ ಇಬ್ಬರು ಉಳಿಯುತ್ತಾರೆ. ತಂಡದಲ್ಲಿ ಹುಡುಗಿಯರಿದ್ದರೆ ಮಹಿಳೆಯೊಬ್ಬರು ಇರಲೇಬೇಕು. ಮಹಿಳಾ ಆಟಗಾರ್ತಿಯರ ತಂಡದೊಂದಿಗೆ ಮಹಿಳಾ ಕೋಚ್ ಹೋಗಬೇಕೆಂದು ಭಾರತೀಯ ಕ್ರೀಡಾ ಪ್ರಾಧಿಕಾರವೂ 2022ರಲ್ಲಿ ರಾಷ್ಟ್ರೀಯ ಫೆಡರೇಷನ್‌ಗಳಿಗೆ ಸೂಚಿಸಿತು.

ಆಯೋಜಕರಿಗೆ ಮೊದಲೇ ಫೋನ್ ಮಾಡಿ ಶೌಚಾಲಯಕ್ಕೆ ಒಳಚಿಲಕ ಇದೆಯೇ, ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೇ ಎಂದು ಕೇಳಿ. ಹುಡುಗರಿಗೂ ಹುಡುಗಿಯರಿಗೂ ಬೇರೆ ಕೊಠಡಿ, ದೊಡ್ಡವರಿಗೆ ಪಕ್ಕದ್ದು. ರಾತ್ರಿ ಕೊಠಡಿ ನೋಡಲು ಹೋಗುವವರು ಇಬ್ಬರಾಗಿ ಹೋಗಲಿ. ಪಾಲಕರ ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ದಿನನಿತ್ಯದ ಮಾತ್ರೆ, ಎರಡು ಫೋನ್ ನಂಬರ್, ವಾಪಸು ಬಂದಾಗ ಕರೆದೊಯ್ಯಲು ಬರುವವರ ಹೆಸರು ಇರಲಿ. ಸ್ಯಾನಿಟರಿ ಪ್ಯಾಡ್‌ಗಳನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲೇ ಇಡಿ, ಹುಡುಗಿಯರು ಯಾರನ್ನೂ ಕೇಳಬೇಕಾಗುವುದಿಲ್ಲ.

ಪ್ರಶ್ನೆ: ನನಗೆ 22 ವರ್ಷ. ಕ್ಲಬ್ಬಿನ ಅಧ್ಯಕ್ಷರಿಂದಲೇ ಕಿರುಕುಳ. ನಾನು ಅಲ್ಲಿನ ನೌಕರಳಲ್ಲ, ಆಟಗಾರ್ತಿ. ದೂರು ಕೊಡಬಹುದೇ?
— ಓದುಗಳು, ಬೆಂಗಳೂರು

ಉತ್ತರ: ಕೊಡಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ ಎಲ್ಲವೂ ಕೆಲಸದ ಸ್ಥಳವೇ. ದೂರು ಕೊಡುವ ಮಹಿಳೆ ನೌಕರಳಾಗಿರಬೇಕಿಲ್ಲ. ಕ್ಲಬ್ಬಿನಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ, ಅಥವಾ ದೂರು ಮಾಲೀಕರ ಸ್ಥಾನದಲ್ಲಿರುವವರ ಮೇಲೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಿ. ಅಧ್ಯಕ್ಷರ ವಿಷಯವಾದ್ದರಿಂದ ನಿಮಗೆ ಅದೇ ಸರಿಯಾದ ದಾರಿ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹಲವು ಸಲ ನಡೆದಿದ್ದರೆ ಕೊನೆಯ ಸಲದಿಂದ ಲೆಕ್ಕ. ತಡವಾದದ್ದಕ್ಕೆ ಕಾರಣ ಸರಿಯೆನಿಸಿದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಕಡೆಯೂ ಇಟ್ಟುಕೊಳ್ಳಿ, ಮೂಲ ಮೆಸೇಜುಗಳನ್ನು ಅಳಿಸಬೇಡಿ. ಪೊಲೀಸ್ ದೂರಿಗೂ ಇದರಿಂದ ಅಡ್ಡಿಯಿಲ್ಲ, ಎರಡನ್ನೂ ಒಟ್ಟಿಗೇ ಕೊಡಬಹುದು.